ನೀರಿದ್ದರೆ ಸಾಕೇ? ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ನದಿಗಳದ್ದೇ ಮೇಲುಗೈ. ಶಾಲೆಗಳು ಶುರುವಾಗಿವೆ, ಇತಿಹಾಸ ಪುಸ್ತಕದ ಮೊದಲ ಪಾಠಗಳು ನಡೆಯುತ್ತಿವೆ, ಹೊರಗೆ ಮಳೆಯೂ ಹಿಡಿದಿದೆ. ಒಂದಕ್ಕೊಂದು ನಂಟಿರುವ ಐದು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ. ಉಳಿದವರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ.

ಪ್ರಶ್ನೆ: ನನ್ನ ಮಗಳು ಆರನೇ ಇಯತ್ತೆ. "ನೀರು ಸಿಗುತ್ತಿದ್ದುದರಿಂದ ಪ್ರಾಚೀನ ನಾಗರಿಕತೆಗಳು ನದಿ ದಂಡೆಯಲ್ಲಿ ಬೆಳೆದವು" ಎಂದು ಬಾಯಿಪಾಠ ಮಾಡುತ್ತಿದ್ದವಳು ನಡುವೆ ನಿಲ್ಲಿಸಿ, "ಹಾಗಾದರೆ ಇಷ್ಟು ಮಳೆ ಬೀಳುವ ನಮ್ಮ ಕೊಂಕಣದಲ್ಲಿ ಯಾಕೆ ಬೆಳೆಯಲಿಲ್ಲ? ಉಲ್ಹಾಸ್ ನದಿ ಇದೆಯಲ್ಲ?" ಎಂದಳು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ.
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಅಮ್ಮಾ, ಮೊದಲು ನಿಮ್ಮ ಮಗಳಿಗೆ ನನ್ನ ಶಾಬಾಸ್ ತಿಳಿಸಿ. ಆ ವಾಕ್ಯ ಸುಳ್ಳಲ್ಲ. ಆದರೆ ಅದರಲ್ಲಿ ಅರ್ಧ ಮಾತು ಮಾತ್ರ ಇದೆ, ಉಳಿದರ್ಧವನ್ನು ನಿಮ್ಮ ಮಗಳು ಕೇಳಿದ್ದಾಳೆ.

ಬರೀ ನೀರೇ ಕಾರಣವಾಗಿದ್ದರೆ ಮೊದಲ ನಗರಗಳು ಮಳೆನಾಡುಗಳಲ್ಲಿ ಏಳಬೇಕಿತ್ತು. ಎದ್ದದ್ದು ಎಲ್ಲಿ? ದಕ್ಷಿಣ ಇರಾಕಿನಲ್ಲಿ. ಅಲ್ಲಿ ವರ್ಷವಿಡೀ ಸೇರಿದರೂ 200 ಮಿ.ಮೀ. ಮಳೆ ಆಗುವುದಿಲ್ಲ. ಈಜಿಪ್ಟಿನ ಕೈರೋದಲ್ಲಿ ವರ್ಷಕ್ಕೆ 30 ಮಿ.ಮೀ. ಕೂಡ ಇಲ್ಲ. ಮುಂಬೈಗೆ ಜುಲೈಯ ಒಂದೇ ಮಧ್ಯಾಹ್ನ ಅಷ್ಟು ಸುರಿದು ಹೋಗುತ್ತದೆ, ವರ್ಷದ ಲೆಕ್ಕ 2000 ಮಿ.ಮೀ. ದಾಟುತ್ತದೆ. ಅಂದರೆ ಮೊದಲ ನಗರಗಳು ಬೆಳೆದದ್ದು ಆಕಾಶ ಕೈಕೊಟ್ಟ ನಾಡುಗಳಲ್ಲಿ. ಎಲ್ಲೋ ದೂರದ ಬೆಟ್ಟದ ಮೇಲೆ ಬಿದ್ದ ನೀರು ಹೊಳೆಯಾಗಿ ಹರಿದು ಬಂದರೆ ಮಾತ್ರ ಅಲ್ಲಿ ಅನ್ನ.

ಇನ್ನೊಂದು ಸಂಗತಿಯನ್ನೂ ಅವಳಿಗೆ ಹೇಳಿ. ಬೇಸಾಯ ಹುಟ್ಟಿದ್ದು ಆ ದೊಡ್ಡ ನದಿಗಳ ಬಯಲಿನಲ್ಲಿ ಅಲ್ಲ. ಪಶ್ಚಿಮ ಏಷ್ಯಾದಲ್ಲಿ ಸುಮಾರು 11,000 ವರ್ಷಗಳ ಹಿಂದೆ ಜನ ಗೋಧಿ, ಜವೆಗೋಧಿ ಬಿತ್ತಲು ಕಲಿತದ್ದು ಮಳೆ ಬೀಳುವ ಗುಡ್ಡಗಳ ತಪ್ಪಲಿನಲ್ಲಿ. ನಮ್ಮ ಉಪಖಂಡದಲ್ಲೂ ಹಾಗೆಯೇ. ಬೋಲನ್ ಕಣಿವೆಯ ಬಾಯಲ್ಲಿರುವ ಮೆಹರ್‌ಗಢದಲ್ಲಿ ಕ್ರಿ.ಪೂ. 7000ರ ಸುಮಾರಿಗೇ ಬೆಳೆಯೂ ಇತ್ತು, ದನಕರುಗಳೂ ಇದ್ದವು. ಸಿಂಧೂ ಬಯಲಿನ ದೊಡ್ಡ ನಗರಗಳು ತಲೆಯೆತ್ತಿದ್ದು ಕ್ರಿ.ಪೂ. 2600ರ ಹೊತ್ತಿಗೆ. ನಡುವೆ ನಾಲ್ಕು ಸಾವಿರ ವರ್ಷಗಳಿಗೂ ಹೆಚ್ಚಿನ ಅಂತರ. ಜನ ದೊಡ್ಡ ನದಿಯ ಹತ್ತಿರ ಹೋಗಲು ಹಿಂಜರಿದದ್ದು ಸಹಜವೇ. ನೆರೆ ಬಂದರೆ ಮನೆಮಠ ಕೊಚ್ಚಿ ಹೋಗುತ್ತದೆ, ಹೊಳೆ ಇದ್ದಕ್ಕಿದ್ದಂತೆ ಪಾತ್ರ ಬದಲಿಸುತ್ತದೆ, ಬಯಲಿನಲ್ಲಿ ಕಲ್ಲಿಲ್ಲ, ಒಳ್ಳೆಯ ಮರವಿಲ್ಲ, ಲೋಹದ ಅದಿರಿಲ್ಲ. ಆದರೂ ಇಳಿದು ಬಂದರು, ಯಾಕೆಂದರೆ ಅಲ್ಲಿನ ಮಣ್ಣು ಪ್ರತಿವರ್ಷ ಹೊಸದಾಗುತ್ತಿತ್ತು. ನೆರೆ ಹೊತ್ತು ತಂದ ಮೆಕ್ಕಲುಮಣ್ಣಿನಲ್ಲಿ ಒಂದು ಕುಟುಂಬ ತನ್ನ ಹೊಟ್ಟೆಗೆ ಬೇಕಾದುದಕ್ಕಿಂತ ಹೆಚ್ಚು ಬೆಳೆಯಬಹುದಿತ್ತು.

ನೆರೆ ಯಾವಾಗ ಬರುತ್ತದೆ ಎನ್ನುವುದು ಎಲ್ಲಕ್ಕಿಂತ ಮುಖ್ಯ. ನೈಲ್ ನದಿಗೆ ನೀರು ಕೊಡುವುದು ಇಥಿಯೋಪಿಯಾದ ಎತ್ತರದ ನಾಡಿನ ಮಳೆ. ಅದು ಬೀಳುವುದು ನಮ್ಮ ಮುಂಗಾರಿನ ತಿಂಗಳುಗಳಲ್ಲೇ. ಈಜಿಪ್ಟಿನಲ್ಲಿ ಆಗ ಹೊಳೆ ಏರುತ್ತಿದ್ದುದು ಬೇಸಿಗೆಯ ಕೊನೆಗೆ, ಇಳಿಯುತ್ತಿದ್ದುದು ಅಕ್ಟೋಬರ್ ಹೊತ್ತಿಗೆ. ಸರಿಯಾಗಿ ಗೋಧಿ ಬಿತ್ತುವ ಕಾಲ! ಹಸಿ ಮೆಕ್ಕಲಿನಲ್ಲಿ ಬೀಜ ಚೆಲ್ಲಿದರೆ ಮಾರ್ಚ್–ಏಪ್ರಿಲ್‌ಗೆ ಕೊಯ್ಲು. ಇರಾಕಿನ, ಅಂದರೆ ಹಳೆಯ ಮೆಸೊಪಟೇಮಿಯದ, ಟೈಗ್ರಿಸ್, ಯೂಫ್ರೆಟಿಸ್ ನದಿಗಳ ಸ್ವಭಾವ ಇದಕ್ಕೆ ತದ್ವಿರುದ್ಧ. ಉತ್ತರದ ಪರ್ವತಗಳ ಹಿಮ ಕರಗಿ ಏಪ್ರಿಲ್–ಮೇನಲ್ಲಿ ನೆರೆ ಬರುತ್ತದೆ. ಆಗ ಹೊಲದಲ್ಲಿ ಪೈರು ಬೆಳೆದು ನಿಂತಿರುತ್ತದೆ. ಬಿತ್ತನೆಗೆ ನೀರು ಬೇಕಾದ ಹೊತ್ತಿಗೆ ಹೊಳೆಯಲ್ಲಿ ನೀರು ಕಡಿಮೆ. ಹಾಗಾಗಿ ಅಲ್ಲಿನ ರೈತರು ವಸಂತದಲ್ಲಿ ನೀರನ್ನು ತಡೆಯಲು ಏರಿ ಕಟ್ಟಬೇಕು, ಚಳಿಗಾಲದಲ್ಲಿ ನೀರನ್ನು ತರಲು ಕಾಲುವೆ ತೋಡಬೇಕು, ತೋಡಿದ ಕಾಲುವೆಯ ಹೂಳನ್ನು ವರ್ಷವರ್ಷವೂ ಎತ್ತಬೇಕು. ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ. ನೆರೆಹೊರೆಯವರೊಂದಿಗೆ ಒಪ್ಪಂದ ಬೇಕು.

ಆಮೇಲೆ ಬಂದ ಬೆಳೆಯ ಪ್ರಶ್ನೆ. ಹೆಚ್ಚುವರಿ ಧಾನ್ಯವನ್ನು ಎಲ್ಲಿ ಇಡುವುದು, ಯಾರಿಗೆ ಎಷ್ಟು ಅಳೆದು ಕೊಡುವುದು? ನಾಗರಿಕತೆ ಎಂದು ನಾವು ಕರೆಯುವುದು ನದಿಯಿಂದ ಹುಟ್ಟಿತು ಎನ್ನುವುದಕ್ಕಿಂತ ಈ ಕಣಜದ ಲೆಕ್ಕದಿಂದ ಹುಟ್ಟಿತು ಎಂದು ಹೇಳುವುದೇ ಹೆಚ್ಚು ಸರಿ ಎಂದು ನನ್ನ ನಂಬಿಕೆ. ಯೂಫ್ರೆಟಿಸ್ ದಂಡೆಯ ಉರುಕ್ ನಗರದಲ್ಲಿ ಕ್ರಿ.ಪೂ. 3200ರ ಸುಮಾರಿನ ಮಣ್ಣಿನ ಹಲಗೆಗಳು ಸಿಕ್ಕಿವೆ. ಜಗತ್ತಿನ ಅತಿ ಹಳೆಯ ಬರಹಗಳಲ್ಲಿ ಅವೂ ಸೇರಿವೆ. ಅವುಗಳಲ್ಲಿ ಕಾವ್ಯ ಇಲ್ಲ, ದೇವರ ಸ್ತುತಿ ಇಲ್ಲ. ಬಹುಪಾಲು ಇಷ್ಟು ಜವೆ, ಇಷ್ಟು ಕುರಿ, ಇಷ್ಟು ಬಿಯರ್ ಎನ್ನುವ ಲೆಕ್ಕಪತ್ರ. ಅದೇ ಊರಿನ ನೆಲದಲ್ಲಿ ರಾಶಿರಾಶಿ ಒರಟು ಮಣ್ಣಿನ ಬಟ್ಟಲುಗಳೂ ಸಿಕ್ಕಿವೆ. ಅಂಚನ್ನು ಓರೆಯಾಗಿ ಕತ್ತರಿಸಿದ, ಅಲಂಕಾರವೇ ಇಲ್ಲದ, ಸರಸರನೆ ಒತ್ತಿ ಮಾಡಿದ ಬಟ್ಟಲುಗಳು. ಕೆಲಸಗಾರರಿಗೆ ದಿನದ ಪಡಿ ಅಳೆಯಲು ಬಳಸುತ್ತಿದ್ದರು ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಆ ಕಾಲದ ಲಿಪಿಯಲ್ಲಿ "ಉಣ್ಣು" ಎನ್ನಲು ಒಂದು ತಲೆಯ ಪಕ್ಕ ಇಂಥ ಬಟ್ಟಲಿನ ಚಿತ್ರ ಬರೆಯುತ್ತಿದ್ದರು.

ಮುಂಬೈ ಕೋಟೆ ಭಾಗದ ರಾತ್ರಿ ಶಾಲೆಯಲ್ಲಿ ನಾನು ಈ ಪಾಠ ಮಾಡುವಾಗ ಬೆಂಚಿನಲ್ಲಿ ಕೂತವರೆಲ್ಲ ಹಗಲು ಹೋಟೆಲಿನಲ್ಲಿ ದುಡಿದು ಬರುವ ಹುಡುಗರು. ರಾಜರ ಹೆಸರು, ಇಸವಿ ಅವರ ತಲೆಗೆ ಹತ್ತುತ್ತಿರಲಿಲ್ಲ. ಆದರೆ ಈ ಬಟ್ಟಲಿನ ವಿಷಯ ಬಂದಾಗ ಕುಂದಾಪುರದ ಕಡೆಯ ಒಬ್ಬ ಹುಡುಗ ಎದ್ದು ನಿಂತು, "ಸರ್, ಉಗ್ರಾಣದ ಕೀಲಿ ಯಾರ ಹತ್ತಿರ ಇತ್ತು?" ಎಂದು ಕೇಳಿದ. ಮೆಸೊಪಟೇಮಿಯದ ಇತಿಹಾಸಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ನಾನು ಕೇಳಿಲ್ಲ. ಕೀಲಿ ಮೊದಲು ದೇವಸ್ಥಾನದವರ ಬಳಿ ಇತ್ತು, ಕಾಲಕ್ರಮದಲ್ಲಿ ಅರಮನೆಯ ಕೈಗೂ ಹೋಯಿತು. ಪೂಜಾರಿ, ಗುಮಾಸ್ತ, ಅರಸ, ಸೈನಿಕ, ಕುಂಬಾರ, ನೇಯ್ಗೆಯವರು ಎಲ್ಲರೂ ಆ ಉಗ್ರಾಣದ ಸುತ್ತ ಬೆಳೆದರು.

ಇನ್ನು ಕೊಂಕಣ. ಇಲ್ಲಿನ ಹೊಳೆಗಳು ಸಹ್ಯಾದ್ರಿಯಲ್ಲಿ ಹುಟ್ಟಿ ನೂರು ಕಿ.ಮೀ. ಆಸುಪಾಸಿನಲ್ಲೇ ಸಮುದ್ರ ಸೇರುತ್ತವೆ. ಮೆಕ್ಕಲು ಹರಡಿ ಕೂರುವಷ್ಟು ವಿಶಾಲ ಬಯಲು ಇಲ್ಲ. ಜಂಬಿಟ್ಟಿಗೆ ನೆಲ, ದಟ್ಟ ಕಾಡು. ಕಬ್ಬಿಣದ ಕೊಡಲಿ ಬರುವ ಮೊದಲು ಅದನ್ನು ಕಡಿದು ಗದ್ದೆ ಮಾಡುವುದು ದುಸ್ತರ. ಎಲ್ಲ ಕಡೆ ಮಳೆ ಬೀಳುವ ನಾಡಿನಲ್ಲಿ ಸಾವಿರಾರು ಜನ ಒಂದೇ ಕಾಲುವೆಗೆ ಅಂಟಿಕೊಂಡು ಬಾಳುವ ಅಗತ್ಯವೂ ಇರಲಿಲ್ಲ. ಇಲ್ಲಿ ಪಟ್ಟಣ ಬೆಳೆದದ್ದು ಆಮೇಲೆ, ಕಡಲ ವ್ಯಾಪಾರದಿಂದ. ಡೊಂಬಿವಲಿಯಿಂದ ಒಂದು ಭಾನುವಾರ ಮಗಳನ್ನು ನಾಲಾಸೋಪಾರಾಕ್ಕೆ ಕರೆದುಕೊಂಡು ಹೋಗಿ. ಅಲ್ಲಿ 1882ರಲ್ಲಿ ಭಗವಾನ್‌ಲಾಲ್ ಇಂದ್ರಜಿ ಅಗೆದು ತೋರಿಸಿದ ಬೌದ್ಧ ಸ್ತೂಪ ಇದೆ. ಅಶೋಕನ ಶಾಸನದ ತುಣುಕುಗಳೂ ಸಿಕ್ಕ ಊರು ಅದು. ಕೊಂಕಣದ ಹಳೆಯ ನಗರ ಹೇಗಿತ್ತು ಎಂಬ ಸುಳಿವು ಅವಳಿಗೆ ಅಲ್ಲಿ ಸಿಗುತ್ತದೆ.

ಪ್ರಶ್ನೆ: ಸರ್, ನಮ್ಮೂರು ವಿಜಯಪುರ ಜಿಲ್ಲೆಯ ಭೀಮಾ ತೀರ. ಅಪ್ಪ ಇಲ್ಲಿ ಕಾರ್ಖಾನೆಯಲ್ಲಿದ್ದಾರೆ, ನಾನು ಹನ್ನೊಂದನೇ ಇಯತ್ತೆ. ಸಿಂಧೂ, ನೈಲ್ ಎಂದು ಓದುತ್ತೇವೆ. ನಮ್ಮ ಭೀಮೆಯ ದಂಡೆಯಲ್ಲಿ ಆಗ ಯಾರೂ ಇರಲಿಲ್ಲವೇ?
– ವಿದ್ಯಾರ್ಥಿ, ಚಿಂಚವಡ

ಉತ್ತರ: ಇದ್ದರು ತಮ್ಮಾ, ನೀನು ಈಗ ಇರುವ ಜಿಲ್ಲೆಯಲ್ಲೇ ಇದ್ದರು. ನಿಮ್ಮ ಚಿಂಚವಡದ ಪವನಾ ಮುಳಾ ನದಿಗೆ ಸೇರುತ್ತದೆ, ಮುಳಾ–ಮುಠಾ ಭೀಮೆಗೆ ಸೇರುತ್ತದೆ, ಆ ಭೀಮೆ ನಿನ್ನ ಊರಿನ ಕಡೆಗೇ ಹರಿಯುತ್ತಾಳೆ. ಅದೇ ಭೀಮೆಯ ಇನ್ನೊಂದು ಉಪನದಿ ಘೋಡ್. ಪುಣೆಯಿಂದ ಪೂರ್ವಕ್ಕೆ, ಶಿರೂರಿನ ಹತ್ತಿರ ಘೋಡ್ ದಂಡೆಯಲ್ಲಿ ಇನಾಮ್‌ಗಾಂವ್ ಎಂಬ ಹಳ್ಳಿ ಇದೆ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞರಾದ ಎಚ್. ಡಿ. ಸಂಕಾಲಿಯಾ, ಎಂ. ಕೆ. ಢವಳೀಕರ್, ಜೆಡ್. ಡಿ. ಅನ್ಸಾರಿ ಇವರ ತಂಡ 1968ರಿಂದ 1983ರವರೆಗೆ ಅಲ್ಲಿ ಅಗೆದು ತೆಗೆದದ್ದು ಬರೀ ಮಡಕೆ ಚೂರಲ್ಲ, ಒಂದು ಇಡೀ ಊರಿನ ಬಾಳು.

ಕ್ರಿ.ಪೂ. 1600ರಿಂದ 700ರವರೆಗೆ, ಅಂದರೆ ಸುಮಾರು 900 ವರ್ಷ ಆ ಊರು ಬದುಕಿತ್ತು. ಮಣ್ಣಿನ ಗೋಡೆಯ ಮನೆಗಳು, ಹುಲ್ಲಿನ ಮಾಡು. ಸುಟ್ಟು ಕರಿಕಾದ ಕಾಳುಗಳು ಸಿಕ್ಕಿದ್ದರಿಂದ ಅವರು ಏನು ಉಣ್ಣುತ್ತಿದ್ದರು ಎಂದು ಗೊತ್ತು: ಜವೆಗೋಧಿ, ಗೋಧಿ, ಅಕ್ಕಿ, ಬೇಳೆಕಾಳು, ಎಳ್ಳು, ಜೊತೆಗೆ ಬೋರೆಹಣ್ಣು, ನೆಲ್ಲಿಕಾಯಿ, ನೇರಳೆ. ಊರಿನ ನಡುವೆ ಐದು ಕೋಣೆಯ ಒಂದು ದೊಡ್ಡ ಮನೆ ಇತ್ತು. ಅದಕ್ಕೆ ಸೇರಿದಂತೆಯೇ ಕಣಜ! ಮೇಲೆ ಡೊಂಬಿವಲಿಯ ತಾಯಿಗೆ ಬರೆದದ್ದನ್ನು ಓದಿದ್ದರೆ ಇದರ ಅರ್ಥ ನಿನಗೆ ಕೂಡಲೇ ಹೊಳೆಯುತ್ತದೆ. ಉರುಕ್‌ನಂಥ ಮಹಾನಗರದಲ್ಲಿ ಆದದ್ದೇ ಈ ಪುಟ್ಟ ಹಳ್ಳಿಯಲ್ಲೂ ಸಣ್ಣ ಪ್ರಮಾಣದಲ್ಲಿ ಆಗಿತ್ತು. ಕಾಳು ಕಾಯುವವನು ಊರಿನ ಮುಖಂಡ.

ಆ ಮನೆಯ ಅಂಗಳದಲ್ಲಿ ನಾಲ್ಕು ಕಾಲುಗಳಿರುವ ದೊಡ್ಡ ಮಣ್ಣಿನ ಹರವಿ ಸಿಕ್ಕಿತು. ಒಳಗೆ ಕಾಲು ಮಡಚಿ ಕೂರಿಸಿದ ಒಬ್ಬ ಗಂಡಸಿನ ಅಸ್ಥಿಪಂಜರ. ಉಳಿದವರನ್ನು ತಲೆ ಉತ್ತರಕ್ಕೆ ಮಾಡಿ ನೆಲದಲ್ಲಿ, ಎಷ್ಟೋ ಸಲ ಮನೆಯ ಒಳಗೇ, ಉದ್ದಕ್ಕೆ ಮಲಗಿಸಿ ಹೂಳುತ್ತಿದ್ದರು. ಹಲವರ ಪಾದಗಳನ್ನು ಕತ್ತರಿಸಿದ್ದಾರೆ. ಸತ್ತವರು ಎದ್ದು ಹೋಗದಿರಲಿ, ಮನೆಯಲ್ಲೇ ಇರಲಿ ಎಂಬ ಭಾವನೆ ಇದ್ದಿರಬಹುದು. ಎಳೆಯ ಮಕ್ಕಳನ್ನು ಎರಡು ಮಡಕೆಗಳಲ್ಲಿ ಬಾಯಿಗೆ ಬಾಯಿ ಕೂಡಿಸಿ ಇಟ್ಟಿದ್ದಾರೆ. ಪಕ್ಕದಲ್ಲಿ ಅನ್ನ–ನೀರಿಗೆ ಸಣ್ಣ ಪಾತ್ರೆ. ಈ ಮಡಕೆಗಳ ಚಿತ್ರ ನೋಡಿದಾಗಲೆಲ್ಲ ಅವನ್ನು ಜೋಡಿಸಿದ ತಾಯಿಯ ಕೈ ನೆನಪಾಗಿ ನನಗೆ ಮಾತು ಹೊರಡುವುದಿಲ್ಲ.

ಈಗ ನೀರಿನ ವಿಷಯ. ಅಲ್ಲಿ ಸುಮಾರು 4 ಮೀಟರ್ ಅಗಲದ, ಆಳುದ್ದಕ್ಕಿಂತ ಆಳವಾದ ಒಂದು ಕಾಲುವೆ, ಅದಕ್ಕೆ ಕಲ್ಲು–ಮಣ್ಣಿನ ಒಡ್ಡು ಕಂಡುಬಂದಿದೆ. ಘೋಡ್ ನದಿಗೆ ನೆರೆ ಬಂದಾಗ ನೀರನ್ನು ತಿರುಗಿಸಿ ಹಿಡಿಯಲು ಕಟ್ಟಿದ್ದು ಎಂದು ಅಗೆದವರ ತೀರ್ಮಾನ. ದಖ್ಖನ್ನಿನಲ್ಲಿ, ಕಬ್ಬಿಣ ಬರುವ ಮುಂಚೆಯೇ, ಜನ ಕೂಡಿ ತೋಡಿದ ಕಾಲುವೆ!

ಹಾಗಾದರೆ ಭೀಮಾ ತೀರದಲ್ಲಿ ಮೊಹೆಂಜೊದಾರೊ ಯಾಕೆ ಏಳಲಿಲ್ಲ ಎಂದು ನೀನು ಕೇಳಬಹುದು. ದಖ್ಖನ್ನಿನ ನದಿಗಳು ಕಲ್ಲು ಕೊರೆದು ಆಳದಲ್ಲಿ ಹರಿಯುತ್ತವೆ. ನೆರೆ ಬಂದರೂ ಸಿಂಧೂವಿನಂತೆ ಹತ್ತಾರು ಮೈಲಿ ಹರಡಿ ಮೆಕ್ಕಲು ಹಾಸುವುದಿಲ್ಲ. ದಂಡೆಯ ಕಿರಿದಾದ ಪಟ್ಟಿ ಬಿಟ್ಟರೆ ಆಚೆ ಎರೆಭೂಮಿ. ಎರೆಮಣ್ಣು ಹೇಗೆಂದು ನಿನ್ನ ಅಜ್ಜನಿಗೆ ಗೊತ್ತಿರುತ್ತದೆ: ಮಳೆಯಲ್ಲಿ ಕಾಲಿಗೆ ಅಂಟಿ ಬಿಡದು, ಬೇಸಿಗೆಯಲ್ಲಿ ಮೊಣಕೈ ಇಳಿಯುವಷ್ಟು ಬಿರುಕು. ಮರದ ನೇಗಿಲಿಗೆ, ತಾಮ್ರದ ಸಣ್ಣಪುಟ್ಟ ಉಪಕರಣಗಳಿಗೆ ಅದು ಬಗ್ಗಲಿಲ್ಲ. ಕ್ರಿ.ಪೂ. 1000ರ ನಂತರ ಇನಾಮ್‌ಗಾಂವ್‌ನಲ್ಲಿ ಚೌಕದ ಮನೆಗಳು ಕಡಿಮೆಯಾಗಿ ಸಣ್ಣ ದುಂಡು ಗುಡಿಸಲುಗಳು ಹೆಚ್ಚಾಗುತ್ತವೆ, ಬೇಟೆಯ ಪ್ರಾಣಿಗಳ ಎಲುಬು ಹೆಚ್ಚುತ್ತದೆ. ಹವೆ ಒಣಗಿ ಬದುಕು ಬಿಗಿಯಾದುದರ ಗುರುತು ಎಂದು ಢವಳೀಕರ್ ವಿವರಿಸಿದ್ದಾರೆ.

ಕನ್ನಡ ನಾಡಿನ ಒಳಗೆ ಬಂದರೆ ಕಥೆ ಇನ್ನೂ ಬೇರೆ. ಬಳ್ಳಾರಿ ಸೀಮೆಯ ಸಂಗನಕಲ್ಲು, ತೆಕ್ಕಲಕೋಟೆ, ಚಿತ್ರದುರ್ಗದ ಬ್ರಹ್ಮಗಿರಿ ಇಲ್ಲೆಲ್ಲ ನಮ್ಮ ಮೊದಲ ರೈತರು ಹೊಳೆಯ ಬಯಲು ಬಿಟ್ಟು ಕಲ್ಲುಗುಡ್ಡಗಳ ಮೇಲೆ, ಬುಡದಲ್ಲಿ ವಾಸ ಮಾಡಿದರು. ದನ ಸಾಕಿದರು; ಆ ದನದ ದೊಡ್ಡಿಗಳ ಸಗಣಿ ಸುಟ್ಟ ಬೂದಿದಿಬ್ಬಗಳು ಇಂದಿಗೂ ಇವೆ. ಬೆಳೆದದ್ದು ಹುರುಳಿ, ಹೆಸರು, ಕೊರಲೆ. ಮಳೆಯನ್ನೇ ನಂಬಿದ ಬೆಳೆಗಳು ಇವು. ತೆಕ್ಕಲಕೋಟೆಯನ್ನು ಅಗೆದವರು ಡೆಕ್ಕನ್ ಕಾಲೇಜಿನಲ್ಲಿದ್ದ ನಮ್ಮವರೇ ಆದ ಎಂ. ಎಸ್. ನಾಗರಾಜರಾವ್. ಯೆರವಡಾದ ಆ ಕಾಲೇಜಿನಲ್ಲಿ ಪುರಾತತ್ವದ ಮ್ಯೂಸಿಯಂ ಇದೆ, ಇನಾಮ್‌ಗಾಂವ್‌ನ ವಸ್ತುಗಳನ್ನು ಅಲ್ಲೇ ನೋಡಬಹುದು. ಅಪ್ಪನಿಗೆ ರಜೆ ಇರುವ ದಿನ ಮೊದಲೇ ಫೋನ್ ಮಾಡಿ ವೇಳೆ ಕೇಳಿಕೊಂಡು ಇಬ್ಬರೂ ಹೋಗಿ ಬನ್ನಿ.

ಪ್ರಶ್ನೆ: ಅಷ್ಟು ದೊಡ್ಡ ಕಾಲುವೆಗಳನ್ನು ರಾಜರು ಚಾವಟಿ ಹಿಡಿದು ಗುಲಾಮರಿಂದ ಮಾಡಿಸಿದರು, ನೀರು ಹಂಚಲು ಸರ್ವಾಧಿಕಾರಿ ಬೇಕೇ ಬೇಕು ಎಂದು ನಮ್ಮ ಗೆಳೆಯರೊಬ್ಬರ ವಾದ. ನಿಜವೇ?
– ಓದುಗರು, ವಾಸ್ಕೋ

ಉತ್ತರ: ನಿಮ್ಮ ಗೆಳೆಯರ ವಾದಕ್ಕೆ ದೊಡ್ಡ ವಂಶಾವಳಿಯೇ ಇದೆ. ಕಾರ್ಲ್ ವಿಟ್‌ಫೋಗೆಲ್ ಎಂಬ ವಿದ್ವಾಂಸ 1957ರಲ್ಲಿ ಇದನ್ನೇ ಸಿದ್ಧಾಂತವಾಗಿ ಮುಂದಿಟ್ಟ. ದೊಡ್ಡ ನೀರಾವರಿಗೆ ದೊಡ್ಡ ಆಡಳಿತ ಬೇಕು, ಅದರಿಂದಲೇ ಪೂರ್ವದೇಶಗಳಲ್ಲಿ ನಿರಂಕುಶ ಪ್ರಭುತ್ವ ಹುಟ್ಟಿತು ಎಂದ. ನೆಲ ಅಗೆದು ನೋಡಿದವರಿಗೆ ಸಿಕ್ಕ ಸಾಕ್ಷ್ಯ ಅದಕ್ಕೆ ಒಪ್ಪುವುದಿಲ್ಲ. ಇರಾಕಿನ ಬಯಲನ್ನು ವರ್ಷಗಟ್ಟಲೆ ಸಮೀಕ್ಷೆ ಮಾಡಿದ ರಾಬರ್ಟ್ ಆಡಮ್ಸ್ ಕಂಡದ್ದು ಇಷ್ಟು: ಮೊದಲಿನ ಕಾಲುವೆಗಳು ಚಿಕ್ಕವು, ಊರವರೇ ಸೇರಿ ನಿಭಾಯಿಸಬಹುದಾದವು. ಮಹಾ ಕಾಲುವೆಗಳು ಬಂದದ್ದು ರಾಜ್ಯಗಳು ಕಟ್ಟಿಕೊಂಡ ಮೇಲೆ. ಈಜಿಪ್ಟಿನಲ್ಲೂ ಹೊಲಗಳಿಗೆ ಬದು ಕಟ್ಟಿ ನೆರೆನೀರು ನಿಲ್ಲಿಸುವ ಕೆಲಸ ಆಯಾ ಊರಿನದೇ ಆಗಿತ್ತು. ಅರಸರು ಆಮೇಲೆ ಬಂದು ಹೆಸರು ಹಾಕಿಸಿಕೊಂಡರು. ಸ್ಕಾರ್ಪಿಯನ್ ಎಂಬ ಈಜಿಪ್ಟಿನ ಅತಿ ಹಳೆಯ ದೊರೆಯೊಬ್ಬ ಕೈಯಲ್ಲಿ ಗುದ್ದಲಿ ಹಿಡಿದು, ಬಹುಶಃ ಕಾಲುವೆ ತೆರೆಯುತ್ತ ನಿಂತಿರುವ ಕೆತ್ತನೆಯೇ ಇದೆ.

ನೀವು ಗೋವಾದಲ್ಲೇ ಇದ್ದೀರಿ, ಹಾಗಾಗಿ ಚೋಡಣ ಅಥವಾ ದೀವಾಡಿ ದ್ವೀಪಕ್ಕೆ ಫೆರಿಯಲ್ಲಿ ಹೋಗಿ ಖಾಜನ್ ಗದ್ದೆಗಳನ್ನು ನೋಡಿ ಎನ್ನುತ್ತೇನೆ. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ಅಲ್ಲಿ ಮಾಂಡವಿಯಾಗಿ ಸಮುದ್ರ ಸೇರುವ ಮುನ್ನ ಉಬ್ಬರದ ಉಪ್ಪುನೀರಿಗೆ ಸಿಕ್ಕುತ್ತಾಳೆ. ಆ ಉಪ್ಪುನೀರನ್ನು ಮಣ್ಣು, ಹುಲ್ಲು, ಕಲ್ಲಿನ ಒಡ್ಡಿನಿಂದ ಹೊರಗಿಟ್ಟು ಒಳಗೆ ಭತ್ತ ಬೆಳೆಯುತ್ತಾರೆ. ಒಡ್ಡಿನಲ್ಲಿ ಮರದ ತೂಬಿನ ಬಾಗಿಲು ಇದೆ, ಅಲ್ಲಿನವರು ಅದಕ್ಕೆ ಮಾನಸ್ ಎನ್ನುತ್ತಾರೆ. ಉಬ್ಬರ ಏರಿದಾಗ ನೀರಿನ ಒತ್ತಡಕ್ಕೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ, ಇಳಿತದಲ್ಲಿ ಒಳಗಿನ ಮಳೆನೀರಿನ ಒತ್ತಡಕ್ಕೆ ತಾನೇ ತೆರೆಯುತ್ತದೆ. ಬಿತ್ತುವುದು ಉಪ್ಪು ತಡೆಯುವ ಕೊರ್ಗುಟ್ ಭತ್ತ. 1510ರಲ್ಲಿ ಪೋರ್ಚುಗೀಸರು ಬರುವ ಮೊದಲೇ ಈ ವ್ಯವಸ್ಥೆ ಇತ್ತು, ಅದನ್ನು ನಡೆಸುತ್ತಿದ್ದದ್ದು ಊರಿನ ಗಾಂವಕರರ ಕೂಟ. ಒಡ್ಡು ಎಲ್ಲಿ ಬಿರುಕು ಬಿಟ್ಟಿದೆ, ಯಾರು ಯಾವಾಗ ಮಣ್ಣು ಹಾಕಬೇಕು, ತೂಬಿನ ಬಳಿ ಮೀನು ಹಿಡಿಯುವ ಹಕ್ಕು ಯಾರಿಗೆ ಎಂಬುದನ್ನೆಲ್ಲ ಊರೇ ತೀರ್ಮಾನಿಸುತ್ತಿತ್ತು. ಚಾವಟಿಯ ಅಗತ್ಯ ಬೀಳಲಿಲ್ಲ.

ಹಾಗೆಂದು ಎಲ್ಲವೂ ಸೌಹಾರ್ದದಲ್ಲೇ ನಡೆಯಿತು ಎಂದು ನಾನು ಹೇಳುತ್ತಿಲ್ಲ. ಕ್ರಿ.ಪೂ. 2450ರ ಸುಮಾರಿಗೆ ದಕ್ಷಿಣ ಇರಾಕಿನ ಲಗಾಶ್ ಮತ್ತು ಉಮ್ಮಾ ಎಂಬ ಎರಡು ಸುಮೇರಿಯನ್ ನಗರಗಳು ಗಡಿಯ ಹೊಲ, ಕಾಲುವೆಗಾಗಿ ತಲೆಮಾರುಗಟ್ಟಲೆ ಹೊಡೆದಾಡಿದವು. ಮೇಲಿನ ಊರಿನವರು ನೀರು ತಿರುಗಿಸಿದರು, ಕೆಳಗಿನವರು ಸೈನ್ಯ ತಂದರು. ಕಾವೇರಿ, ಕೃಷ್ಣೆಯ ಮಕ್ಕಳಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಕಟ್ಟಳೆಗಳಲ್ಲಿ, ಕ್ರಿ.ಪೂ. 1750ರ ಸುಮಾರಿನವು, ಒಂದು ವಿಧಿ ನನಗೆ ಬಹಳ ಮುಖ್ಯ ಎನಿಸುತ್ತದೆ. ಒಬ್ಬ ರೈತ ಸೋಮಾರಿತನದಿಂದ ತನ್ನ ಏರಿ ಸರಿಮಾಡದೆ, ಅದು ಒಡೆದು ನೆರೆಯ ಹೊಲ ಮುಳುಗಿದರೆ, ಹಾಳಾದ ಧಾನ್ಯವನ್ನು ಅವನೇ ತುಂಬಿಕೊಡಬೇಕು. ಕೊಡಲಾಗದಿದ್ದರೆ ಅವನನ್ನೂ ಅವನ ಆಸ್ತಿಯನ್ನೂ ಮಾರಿ ಬಂದ ಬೆಳ್ಳಿಯನ್ನು ನಷ್ಟವಾದವರಿಗೆ ಹಂಚಬೇಕು. ಕಠಿಣ ಶಿಕ್ಷೆ. ಆದರೆ ನನ್ನ ಹೊಲದ ಏರಿ ನನ್ನೊಬ್ಬನದಲ್ಲ ಎಂಬ ತಿಳಿವಳಿಕೆ ಅಷ್ಟು ಹಿಂದೆಯೇ ಕಾನೂನಾಗಿತ್ತು.

ಪ್ರಶ್ನೆ: ಸರಸ್ವತಿ ನದಿ ಬತ್ತಿದ್ದರಿಂದ ಸಿಂಧೂ ನಾಗರಿಕತೆ ನಾಶವಾಯಿತು ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಬರುತ್ತಲೇ ಇರುತ್ತದೆ.
– ಓದುಗರು, ಸಯನ್

ಉತ್ತರ: ಹಲವರು ಸರಸ್ವತಿ ಎಂದು ಗುರುತಿಸುವುದು ಹರಿಯಾಣ–ರಾಜಸ್ಥಾನದ ಘಗ್ಗರ್–ಹಕ್ರಾ ಪಾತ್ರವನ್ನು. ಅದರ ದಂಡೆಯಲ್ಲಿ ಕಾಲಿಬಂಗನ್‌ನಂಥ ಊರುಗಳು ಇದ್ದದ್ದು ನಿಜ. ಅಲ್ಲಿ ಒಂದಕ್ಕೊಂದು ಅಡ್ಡಲಾಗಿ ಉತ್ತ ಸಾಲುಗಳಿರುವ ಒಂದು ಹೊಲವೇ ಮಣ್ಣಿನಡಿ ಉಳಿದು ಸಿಕ್ಕಿತು. ಆದರೆ 2017ರಲ್ಲಿ ಪ್ರಕಟವಾದ ಭೂವಿಜ್ಞಾನಿಗಳ ಅಧ್ಯಯನದ ಪ್ರಕಾರ, ಹಿಮಾಲಯದ ಸಟ್ಲೆಜ್ ನದಿ ಆ ಪಾತ್ರವನ್ನು ಬಿಟ್ಟು ಹೋದದ್ದು ಸುಮಾರು 8000 ವರ್ಷಗಳ ಹಿಂದೆ, ನಗರಗಳು ಏಳುವುದಕ್ಕಿಂತ ಬಹಳ ಮೊದಲು. ಅಂದರೆ ಜನ ಊರು ಕಟ್ಟಿದ್ದು ಭೋರ್ಗರೆಯುವ ಹಿಮಾಲಯದ ನದಿಯ ದಂಡೆಯಲ್ಲಲ್ಲ, ಅದು ಬಿಟ್ಟುಹೋದ ತಗ್ಗಿನಲ್ಲಿ, ಮಳೆನೀರಿನ ಸೌಮ್ಯ ಹರಿವಿನ ಪಕ್ಕ. ಮನೆ ಕೊಚ್ಚಿಹೋಗುವ ಭಯ ಕಡಿಮೆ, ಮಣ್ಣಿನಲ್ಲಿ ತೇವ ಇದ್ದೇ ಇದೆ. ನನಗೆ ಇದು ಅವರ ಜಾಣತನದ ದೊಡ್ಡ ಸಾಕ್ಷಿ.

ಕ್ರಿ.ಪೂ. 2200ರ ಆಸುಪಾಸಿನಿಂದ ಮುಂಗಾರು ಸೊರಗಿತು. ಕ್ರಿ.ಪೂ. 1900ರ ಹೊತ್ತಿಗೆ ದೊಡ್ಡ ನಗರಗಳು ಬರಿದಾಗುತ್ತ ಬಂದವು. ಜನ ಸಾಯಲಿಲ್ಲ, ಪೂರ್ವಕ್ಕೆ, ಗುಜರಾತಿನ ಕಡೆಗೆ ಚದುರಿ ಸಣ್ಣ ಹಳ್ಳಿಗಳಲ್ಲಿ ನೆಲೆಸಿದರು. ಕಛ್‌ನ ಧೋಲಾವೀರದಲ್ಲಂತೂ ದೊಡ್ಡ ನದಿಯೇ ಇರಲಿಲ್ಲ. ಎರಡು ಮಳೆಗಾಲದ ಹಳ್ಳಗಳಿಗೆ ಅಡ್ಡ ಕಟ್ಟಿ, ಬಂಡೆ ಕೊರೆದು ಕೆರೆ ಮಾಡಿ ನಗರ ನಡೆಸಿದರು. ಇಂಥ ಸಂದೇಶ ಬಂದಾಗ ಮುಂದಕ್ಕೆ ಕಳಿಸುವ ಮೊದಲು ಧೋಲಾವೀರವನ್ನು ನೆನಪಿಸಿಕೊಳ್ಳಿ.

ಪ್ರಶ್ನೆ: ಮೆಸೊಪಟೇಮಿಯದ ಹೊಲಗಳು ಉಪ್ಪಾಗಿ ಹಾಳಾದವು ಎಂದು ಓದಿದೆ. ಅಥಣಿ ತಾಲೂಕಿನಲ್ಲಿ ಕೃಷ್ಣಾ ದಂಡೆಗೆ ನಮ್ಮ ನಾಲ್ಕು ಎಕರೆ ಇದೆ, ತಮ್ಮ ನೋಡಿಕೊಳ್ಳುತ್ತಾನೆ. ಅಲ್ಲಿಯೂ ಈಗ ಸವಳು ಏಳುತ್ತಿದೆ. ಎರಡೂ ಒಂದೇ ರೋಗವೇ?
– ಓದುಗರು, ಭಾಂಡುಪ್

ಉತ್ತರ: ಬಹುಮಟ್ಟಿಗೆ ಒಂದೇ. ನಿಮ್ಮ ಪತ್ರ ಓದಿ ನನಗೆ ಸಂಕಟವಾಯಿತು, ಆದ್ದರಿಂದ ವಿವರವಾಗಿ ಬರೆಯುತ್ತೇನೆ.

ಹೊಳೆಯ ನೀರಿನಲ್ಲಿ ಎಷ್ಟು ಸಿಹಿಯಿದ್ದರೂ ಚೂರು ಲವಣ ಇರುತ್ತದೆ. ಹೊಲಕ್ಕೆ ಹಾಯಿಸಿದ ನೀರನ್ನು ಬಿಸಿಲು, ಬೆಳೆ ಕುಡಿಯುತ್ತವೆ, ಲವಣ ಉಳಿಯುತ್ತದೆ. ಜೊತೆಗೆ ಅತಿಯಾಗಿ ನೀರುಣಿಸಿದಾಗ ನೆಲದೊಳಗಿನ ನೀರಿನ ಮಟ್ಟ ಏರುತ್ತದೆ. ಅದು ಬೇರಿನ ಹತ್ತಿರ ಬಂದರೆ ಮಣ್ಣು ಬತ್ತಿಯಂತೆ ಅದನ್ನು ಮೇಲಕ್ಕೆ ಎಳೆಯುತ್ತದೆ, ನೀರು ಆವಿಯಾಗಿ ಬಿಳಿ ಪುಡಿ ಮೇಲೆ ಕೂರುತ್ತದೆ. ದಕ್ಷಿಣ ಇರಾಕಿನಲ್ಲಿ ಆದದ್ದು ಇದೇ. 1958ರಲ್ಲಿ ಥೋರ್ಕಿಲ್ಡ್ ಜೇಕಬ್ಸನ್ ಎಂಬ ವಿದ್ವಾಂಸ ಮತ್ತು ಮೇಲೆ ಹೇಳಿದ ಆಡಮ್ಸ್ ಹಳೆಯ ಧಾನ್ಯದ ಲೆಕ್ಕಗಳನ್ನು ನೋಡಿ, ಅಲ್ಲಿ ಉಪ್ಪು ತಡೆಯದ ಗೋಧಿ ಶತಮಾನಗಳುದ್ದಕ್ಕೂ ಕಡಿಮೆಯಾಗುತ್ತ ಉಪ್ಪು ತಡೆಯುವ ಜವೆ ಉಳಿದದ್ದನ್ನು ತೋರಿಸಿದರು. ನಗರಗಳ ಪತನಕ್ಕೆ ಉಪ್ಪೊಂದೇ ಕಾರಣವಲ್ಲ ಎಂದು ವಾದಿಸುವವರೂ ಇದ್ದಾರೆ. ಆದರೆ ಅಲ್ಲಿ ನೆಲ ಉಪ್ಪಾದದ್ದು ನಿಜ. ಈಜಿಪ್ಟಿನಲ್ಲಿ ಹೀಗಾಗಲಿಲ್ಲ, ಯಾಕೆಂದರೆ ವರ್ಷಕ್ಕೊಮ್ಮೆ ನೆರೆ ಬಂದು ಹೊಲವನ್ನು ತೊಳೆದು, ನೀರು ಬಸಿದು ಹೊಳೆಗೆ ಮರಳುತ್ತಿತ್ತು. 1970ರಲ್ಲಿ ಅಸ್ವಾನ್ ಅಣೆಕಟ್ಟು ಮುಗಿದು ಆ ನೆರೆ ನಿಂತ ಮೇಲೆ ಅಲ್ಲೂ ಉಪ್ಪಿನ ಕಾಟ ಹೆಚ್ಚಿತು.

ನಿಮ್ಮ ಹೊಲದಲ್ಲಿ ವರ್ಷಾನುಗಟ್ಟಲೆ ಕಬ್ಬೇ ಇರಬೇಕು, ಪಂಪು ಹಚ್ಚಿ ಸಾಲು ತುಂಬ ನೀರು ಬಿಡುತ್ತಿರಬೇಕು. ತಮ್ಮನಿಗೆ ಮೊದಲು ಮಣ್ಣು ಪರೀಕ್ಷೆ ಮಾಡಿಸಲು ಹೇಳಿ, ಮೇಲಿನದಷ್ಟೇ ಅಲ್ಲ, ಎರಡು–ಮೂರು ಅಡಿ ಆಳದ ಮಣ್ಣನ್ನೂ. ಬರೀ ಲವಣವಿದ್ದರೆ ತೊಳೆದು ಹೊರಹಾಕಬಹುದು. ಸೋಡಿಯಂ ಹಿಡಿದು ಮಣ್ಣು ಗಟ್ಟಿಯಾಗಿದ್ದರೆ ಜಿಪ್ಸಮ್ ಬೇಕಾಗುತ್ತದೆ. ಎಷ್ಟು ಎಂಬುದನ್ನು ಪರೀಕ್ಷೆಯ ಚೀಟಿ ನೋಡಿಯೇ ಹಾಕಬೇಕು, ಅಂಗಡಿಯವರ ಮಾತು ಕೇಳಿ ಅಲ್ಲ. ಎರಡೂ ಸಂದರ್ಭದಲ್ಲಿ ಬಸಿಗಾಲುವೆ ಇಲ್ಲದೆ ಯಾವ ಔಷಧಿಯೂ ನಾಟದು. ಬಸಿದ ನೀರು ಹೋಗಲು ದಾರಿ ಬೇಕು, ಆ ದಾರಿ ಪಕ್ಕದವರ ಹೊಲ ದಾಟಿಯೇ ಹೋಗಬೇಕು. ನಾಲ್ಕು ಎಕರೆಯಲ್ಲಿ ನೀವೊಬ್ಬರೇ ಕಾಲುವೆ ತೋಡಿದರೆ ನೀರು ನಿಮ್ಮ ಬದುವಿನಲ್ಲೇ ನಿಲ್ಲುತ್ತದೆ. ಅಕ್ಕಪಕ್ಕದವರನ್ನು ಕೂಡಿಸಿ ಒಂದೇ ಬಸಿಗಾಲುವೆಗೆ ಒಪ್ಪಿಸುವುದು ತಮ್ಮನ ಕೆಲಸ, ಗಣೇಶನ ಹಬ್ಬಕ್ಕೆ ಊರಿಗೆ ಹೋದಾಗ ಅದಕ್ಕೆ ಕೈಜೋಡಿಸುವುದು ನಿಮ್ಮ ಕೆಲಸ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರನ್ನು ಕೇಳಿದರೆ ಪೈಪು ಹೂಳುವ ಆಳ, ಅಂತರ ಹೇಳಿಕೊಡುತ್ತಾರೆ.

ಅಲ್ಲಿಯವರೆಗೆ ಸವಳು ಕಂಡ ತುಂಡಿನಲ್ಲಿ ಮತ್ತೆ ಕಬ್ಬು ಹಾಕುವುದು ಬೇಡ. ಡಯಂಚಾ ಎಂಬ ಹಸಿರು ಗೊಬ್ಬರದ ಗಿಡ ಬಿತ್ತಿ ಹೂ ಬರುವ ಮೊದಲು ಮಣ್ಣಿಗೆ ಮಗುಚಲಿ. ಉಳಿದ ನೆಲಕ್ಕೆ ಹನಿ ನೀರಾವರಿ ಹಾಕಿಸಿ, ಪಂಪಿನ ತಾಸುಗಳನ್ನು ಕಡಿಮೆ ಮಾಡಲಿ. ಪರೀಕ್ಷೆಯ ಚೀಟಿ ಬಂದ ಮೇಲೆ ಅದರ ನಕಲನ್ನು ನನಗೂ ಕಳಿಸಿ. ಪರಿಚಯದ ಕೃಷಿ ತಜ್ಞರಿಗೆ ತೋರಿಸಿ ಉತ್ತರ ಬರೆಸುತ್ತೇನೆ.